ನೀರು ಕುಡಿಸುವ ಊರಿನಿಂದ ನೀರು ಇಳಿಸುವ ಊರಿಗೆ

ಪಾನಾ ನನ್ನ ಅಂಗೈಗೆ ಅಂಟಿಕೊಂಡಿತು. ಅದರ ಮೇಲೆ ಅಂಟೂ ಇರಲಿಲ್ಲ, ಜಿಡ್ಡೂ ಇರಲಿಲ್ಲ; ಹದಿನೇಳು ನಂಬರಿನ ಒಣ ಕಬ್ಬಿಣದ ಪಾನಾ. ಒಂದೇ ಒಂದು ನಟ್ಟು ಬಿಗಿಯುವುದಿತ್ತು. ದಪ್ಪ ಗ್ಲೌಸಿನೊಳಗೆ ಬೆರಳು ಆಡುತ್ತಿಲ್ಲವೆಂದು ಅದನ್ನು ಕಿತ್ತು ಹಾಕಿ ಬರಿಗೈಯಲ್ಲಿ ಹಿಡಿದಿದ್ದೆ. ಕೆಲಸ ಮುಗಿಸಿ ಬಿಡಲು ಹೋದರೆ ಅದು ನನ್ನನ್ನು ಬಿಡಲಿಲ್ಲ. ಸಿಟ್ಟು ಬಂದು ಎಳೆದೆ. ಪಾನಾ ಬಂತು, ಅದರ ಜೊತೆ ಎರಡು ಬೆರಳಗಲ ಚರ್ಮವೂ ಬಂತು.

ನಾನು ಕೊಟ್ಟೂರಿನವನು. ಹೆಸರು ಕೊಟ್ರೇಶ, ನಮ್ಮೂರ ಬೀದಿಯಲ್ಲಿ ಆ ಹೆಸರು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಕಸುಬು ಲಾರಿ, ಟಿಪ್ಪರ್, ಟ್ರ್ಯಾಕ್ಟರ್ ರಿಪೇರಿ. ಮೇ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ಮರೆತು ಬಿಟ್ಟ ಪಾನಾವನ್ನು ಹೇಗೆ ಹಿಡಿಯಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ತಾನೇ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ ಈ ಕೈಯಿಂದ ಆ ಕೈಗೆ ಆಡಿಸುತ್ತ ನೆರಳಿಗೆ ಒಯ್ಯಬೇಕು. ಕಬ್ಬಿಣ ಸುಡುತ್ತದೆ ಎಂಬುದು ನನಗೆ ಹೊಸ ವಿಷಯವಲ್ಲ. ತಣ್ಣಗಾಗಿಯೂ ಸುಡುತ್ತದೆ ಎಂಬುದನ್ನು ಮಾತ್ರ ಮಂಗೋಲಿಯಾ ದೇಶದ ಗೋಬಿ ಮರುಭೂಮಿಯಲ್ಲಿ, ನಲವತ್ತೊಂದನೇ ವಯಸ್ಸಿನಲ್ಲಿ ಕಲಿತೆ. ಗುರುತು ಈಗಲೂ ಅಂಗೈಯಲ್ಲಿದೆ.

ಯಾಕೆ ಬಂದೆ ಎಂದು ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ: ಹಟಕ್ಕೆ ಬಂದೆ. ಸಂಡೂರಿನ ಗಣಿ ಟಿಪ್ಪರುಗಳ ಕೆಳಗೆ ಅಂಗಾತ ಮಲಗಿ ಮಲಗಿ ಪಳಗಿದ ಕೈ ನನ್ನದು. ಈಗಿನ ಹೊಸ ಲಾರಿ ಕೆಟ್ಟರೆ ಮೊದಲು ಕಂಪ್ಯೂಟರಿಗೆ ಜೋಡಿಸುತ್ತಾರೆ. ನಮ್ಮಂಥವರ ಗ್ಯಾರೇಜಿಗೆ ಬರುವುದು ಹಳೇ ಟ್ರ್ಯಾಕ್ಟರು, ಮೆಕ್ಕೆಜೋಳ ಹೇರುವ ಹಳೇ ಲಾರಿ. ಒಂದು ದಿನ ಷೋರೂಮಿನವನೊಬ್ಬ ನನ್ನ ಎದುರಿಗೇ ಗಿರಾಕಿಗೆ ಹೇಳಿದ: "ಇವ್ರದ್ದೆಲ್ಲಾ ಹಳೇ ಕಾಲದ ವಿದ್ಯೆ ಬಿಡ್ರಿ, ಮುಗೀತು." ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅದೇ ತಿಂಗಳು ಹೊಸಪೇಟೆಯಲ್ಲಿ ಗೋಬಿಯ ಒಂದು ಕಟ್ಟಡ ಕೆಲಸಕ್ಕೆ ಹಳೇ ಇಂಜಿನ್ ಬಲ್ಲ ಮೆಕ್ಯಾನಿಕ್ ಬೇಕು ಎಂದು ತಿಳಿಯಿತು. ಹಳೇ ಇಂಜಿನ್ ಬಲ್ಲವರು! ಮರುದಿನವೇ ಬಸ್ಸು ಹತ್ತಿದೆ. ಮೂರು ತಿಂಗಳು ಪರೀಕ್ಷೆ, ಪಾಸಾದರೆ ಎರಡು ವರ್ಷ ಕೆಲಸ ಎಂದರು.

ನನಗೆ ಕೆಲಸ ಕಲಿಸಿದವರು ಉಸ್ತಾದ್ ಮಾಬುಸಾಬರು. ಹರಪನಹಳ್ಳಿ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ಅವರ ತಗಡಿನ ಷೆಡ್ಡು. ಅಲ್ಲಿ ನಾನು ಇಪ್ಪತ್ತೈದು ವರ್ಷ ಇದ್ದೆ, ಮೊದಲು ಶಿಷ್ಯ, ಆಮೇಲೆ ಪಾಲುದಾರ. ಉಸ್ತಾದರ ಮೊದಲ ಪಾಠ ಒಂದೇ. "ಗಾಡಿ ಬಂತಂದ್ರ ಮೊದ್ಲು ಅದಕ್ಕ ನೀರು ಕುಡಸು. ಆಮ್ಯಾಲೆ ಡ್ರೈವರಿಗೆ ಚಾ. ಆಮ್ಯಾಲೆ ಏನ್ ಕೆಟ್ಟೈತಿ ಅಂತ ಕೇಳು." ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುವುದಿಲ್ಲವೇ, ಅದೇ ರೀತಿ. ಕೂಡ್ಲಿಗಿ ಗುಡ್ಡ ಹತ್ತಿ ಇಳಿದು, ಕಾದು ಕೆಂಪಾಗಿ ಬಂದ ಲಾರಿಯ ರೇಡಿಯೇಟರ್ ಮುಚ್ಚಳಕ್ಕೆ ಗೋಣಿತಟ್ಟು ಹಾಕಿ ತಿರುಗಿಸಿ, ಬುಸ್ಸೆಂದು ಹಬೆ ಹೋದ ಮೇಲೆ ಡಬ್ಬಿಯಿಂದ ನೀರು ಸುರಿಯುತ್ತಿದ್ದೆವು. ನೀರಿನ ಬದಲು ಹಾಕುವ, ಚಳಿಗೂ ಹೆಪ್ಪುಗಟ್ಟದ ಕಂಪನಿಯವರ ಹಸಿರು ಕೂಲೆಂಟು ನಮ್ಮ ಕಡೆ ಶೋಕಿಯ ಮಾತು. ನೀರಿಗಿಂತ ಬೇರೆ ಔಷಧಿ ನಮಗೆ ಗೊತ್ತಿರಲಿಲ್ಲ.

ಹೊರಡುವ ದಿನ ಉಸ್ತಾದರು ತಮ್ಮ ಮಂಚದ ಮೇಲಿನ ಕರಿ ಕಂಬಳಿ ಮಡಚಿ ನನ್ನ ಚೀಲಕ್ಕೆ ತುರುಕಿದರು. ಮೈಲಾರದ ಕಡೆ ನೇಯ್ದ ದಪ್ಪ ಕಂಬಳಿ. "ಕಂಪನಿಯವರು ಜಾಕೀಟು ಕೊಡ್ತಾರಂತ್ರಿ," ಅಂದೆ. "ಕೊಡ್ಲಿ. ಜಾಕೀಟು ನಿನಗ. ಇದು ಯಾವುದಕ್ಕಾರ ಬೇಕಾಗತೈತಿ," ಅಂದರು. ಆಮೇಲೆ ಭುಜ ಹಿಡಿದು, "ನನ್ನ ಹೆಸರು ಕೆಡಸಬ್ಯಾಡಲೇ ಕೊಟ್ರ್ಯಾ," ಅಂದರು. ನಗುತ್ತಲೇ ಅಂದದ್ದು. ನಾನು ಅದನ್ನು ನಗುತ್ತ ತೆಗೆದುಕೊಳ್ಳಲಿಲ್ಲ.

ಸೆಪ್ಟೆಂಬರ್ ಕೊನೆಗೆ ಗೋಬಿಗೆ ಬಂದಿಳಿದಾಗ ನೋಡಿದ್ದು ಬರೀ ಬಯಲು. ಮರ ಎಂಬುದಿಲ್ಲ. ಹಂಪಸಾಗರದ ಹಿನ್ನೀರು ಬತ್ತಿದಾಗ ಕಾಣುವ ಬಯಲನ್ನು ಆಕಾಶದ ಅಂಚಿನವರೆಗೆ ಎಳೆದು ಹಾಸಿದಂತಿತ್ತು. ನಮ್ಮ ವಸತಿ ಎಂದರೆ ಸಾಲಾಗಿ ಇಟ್ಟ ತಗಡಿನ ಕಂಟೇನರುಗಳು, ಒಳಗೆ ಎರಡು ಮಂಚ, ಗೋಡೆಯುದ್ದಕ್ಕೂ ಬಿಸಿನೀರು ಹರಿಯುವ ಪೈಪು. ಆ ಪೈಪೇ ಜೀವ. ನಮ್ಮೂರಲ್ಲಿ ಫ್ಯಾನು ನಿಂತರೆ ಬೈಯುತ್ತ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತೇವೆ. ಇಲ್ಲಿ ಪೈಪು ತಣ್ಣಗಾದರೆ ಹೊರಗೆ ಬಂದು ಕೂರುವ ಕಟ್ಟೆ ಇಲ್ಲ.

ಗ್ಯಾರೇಜಿನಲ್ಲಿ ನನ್ನ ಜೊತೆಗಾರ ಬಾತ್‌ಬಾಯರ್. ಅರವತ್ತರ ಹತ್ತಿರದ ಮಂಗೋಲಿಯಾದ ಮನುಷ್ಯ, ಗುಂಡು ಮುಖ, ಸೊಟ್ಟ ಕಾಲು, ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಕಿವಿ. ಅಲ್ಲಿ ಹಿರಿಯರ ಹೆಸರಿನ ಜೊತೆ "ಆಖ್" ಸೇರಿಸುತ್ತಾರೆ, ಅಂದರೆ ಅಣ್ಣ. ನಾನು ಸುತ್ತು ಬಳಸದೆ ಬಾಯರಣ್ಣ ಎಂದು ಕರೆದೆ, ಅವನೂ ಓಗೊಟ್ಟ. ನಮ್ಮ ನಡುವಿನ ಭಾಷೆ ಎಂದರೆ ಅವನ ನಾಲ್ಕು ಹಿಂದಿ ಪದ, ನನ್ನ ಹತ್ತು ಮಂಗೋಲಿ ಪದ, ಉಳಿದದ್ದು ಕೈಸನ್ನೆ ಮತ್ತು ಫೋನಿನ ಅನುವಾದ. "ಜಾ" ಎಂಬ ಒಂದು ಪದದಲ್ಲಿ ಅವರು ಅರ್ಧ ಜೀವನ ಕಳೆಯುತ್ತಾರೆ: ಆಯಿತು, ಹೌದೇನು, ಏಳು, ಸಾಕು, ಎಲ್ಲಕ್ಕೂ ಜಾ. ಅವನ ಮಾತನ್ನು ನಾನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳಿಸಿದ್ದು.

ಊಟದ ಕಷ್ಟ ಹೇಳಿದರೆ ನಗುತ್ತೀರಿ. ಮಾಂಸ ಮುಟ್ಟದವನು ಮಂಗೋಲಿಯಾಕ್ಕೆ ಹೋಗುವುದು ಎಂದರೆ ಈಜು ಬಾರದವನು ಹೊಳೆಯಲ್ಲಿ ಮನೆ ಮಾಡಿದಂತೆ. ಬೆಳಿಗ್ಗೆ ಕುರಿ, ಮಧ್ಯಾಹ್ನ ಕುರಿ, ಹಬೆಯಲ್ಲಿ ಬೇಯಿಸಿದ ಕಡುಬಿನೊಳಗೂ ಕುರಿ. ತಂದಿದ್ದ ಶೇಂಗಾ ಚಟ್ನಿಪುಡಿ, ಜೋಳದ ಹಿಟ್ಟು ಆರು ವಾರಕ್ಕೆ ಮುಗಿಯಿತು. ಆಮೇಲೆ ಗೋಧಿ ಹಿಟ್ಟಿನ ಚಪಾತಿ, ಆಲೂಗಡ್ಡೆ, ಕೋಸು, ಉಪ್ಪು ಹಾಕಿದ ಹಾಲಿನ ಚಹಾ. ಆ ಚಹಾವನ್ನು ಮೊದಲ ದಿನ ಉಗಿದೆ, ಹತ್ತನೇ ದಿನ ಕೇಳಿ ಕುಡಿದೆ. "ನೀನು, ನಮ್ಮ ಆಡು, ಇಬ್ರದ್ದೂ ಒಂದ ಊಟ ನೋಡು," ಎಂದು ಬಾಯರಣ್ಣ ರೇಗಿಸುತ್ತಿದ್ದ. ರೇಗಿಸುತ್ತಲೇ, ಪೇಟೆಗೆ ಹೋದಾಗಲೆಲ್ಲ ನನಗೆಂದು ಒಂದು ಕೋಸಿನ ಗಡ್ಡೆ ಕೋಟಿನೊಳಗೆ ಇಟ್ಟುಕೊಂಡು ತರುತ್ತಿದ್ದ. ಹೊರಗೆ ಹಿಡಿದು ತಂದರೆ ಅದು ಕಲ್ಲಾಗುತ್ತಿತ್ತು.

ನವೆಂಬರಿನಲ್ಲಿ ನಾನು ಒಂದು ಎಡವಟ್ಟು ಮಾಡಿದೆ.

ಒಂದು ಟಿಪ್ಪರಿನ ರೇಡಿಯೇಟರ್ ಪೈಪು ಬದಲಿಸುವುದಿತ್ತು. ಹಳೇ ಕೂಲೆಂಟೆಲ್ಲ ಇಳಿಸಿ, ಹೊಸ ಪೈಪು ಕೂಡಿಸಿದೆ. ಸೋರುತ್ತದೆಯೋ ಇಲ್ಲವೋ ನೋಡಲು ನಮ್ಮಲ್ಲಿ ಏನು ಮಾಡುತ್ತೇವೆ? ನೀರು ತುಂಬಿ ಇಂಜಿನ್ ಓಡಿಸುತ್ತೇವೆ. ನಾನೂ ತುಂಬಿದೆ, ಓಡಿಸಿದೆ, ಒಂದು ಹನಿ ಸೋರಲಿಲ್ಲ. ಖುಷಿಯಾಯಿತು. ಅಷ್ಟರಲ್ಲಿ ಪಾಳಿ ಮುಗಿದ ಗಂಟೆ ಹೊಡೆಯಿತು. ಒಳಗೆ ಬೇರೆ ಗಾಡಿ ಬರಬೇಕಿತ್ತು, ನಾನೇ ಟಿಪ್ಪರನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಡೀಸೆಲ್ ಯಾಕೆ ಸುಮ್ಮನೆ ಸುಡಬೇಕೆಂದು ಇಂಜಿನ್ ಬಂದ್ ಮಾಡಿದೆ. ನೀರು ತಾನೇ, ಬೆಳಿಗ್ಗೆ ಇಳಿಸಿ ಕೂಲೆಂಟ್ ಹಾಕಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಬಂದು ನೋಡಿದರೆ ಹೊಸ ಪೈಪು ಹರಿದು ಅದರೊಳಗಿಂದ ಮಂಜುಗಡ್ಡೆ ಮೊಳಕೆಯ ಹಾಗೆ ಹೊರಬಂದಿತ್ತು. ಇಂಜಿನ್ನಿನ ಬ್ಲಾಕಿನ ಪಕ್ಕಕ್ಕೆ ಒಂದು ಗೇಣುದ್ದದ ಬಿರುಕು. ನೀರು ಹೆಪ್ಪುಗಟ್ಟಿ ಉಬ್ಬಿ ಎರಕದ ಕಬ್ಬಿಣವನ್ನೇ ಸೀಳಿತ್ತು. ಇದರ ಬಗ್ಗೆ ಬಂದ ಮೊದಲ ವಾರವೇ ಹೇಳಿದ್ದರು. ಕಿವಿ ಕೇಳಿತ್ತು, ತಲೆ ಒಪ್ಪಿತ್ತು. ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ, ಅದು ಕೊಟ್ಟೂರಿನಲ್ಲೇ ಇತ್ತು.

ಮ್ಯಾನೇಜರು ನಮ್ಮ ದೇಶದವರೇ, ಬೇರೆ ರಾಜ್ಯದವರು. ಕೂಗಾಡಲಿಲ್ಲ, ಅದೇ ಹೆಚ್ಚು ನೋಯಿಸಿತು. ಬಿಸಿಲ ಸೀಮೆಯವರಿಗೆ ಇದು ಆಗುವ ಕೆಲಸವಲ್ಲ, ಟಿಕೆಟ್ ಮಾಡಿಸುತ್ತೇನೆ, ಹೋಗಿಬಿಡು ಎಂದರು ಹಿಂದಿಯಲ್ಲಿ. ನನ್ನ ಕಣ್ಣ ಮುಂದೆ ಬೇವಿನ ಮರ ಬಂತು, ಅದರ ಕೆಳಗೆ ಕುಳಿತ ಉಸ್ತಾದರು ಬಂದರು. ಮಾಬುಸಾಬರ ಶಿಷ್ಯ ಪರದೇಶಕ್ಕೆ ಹೋಗಿ ನೀರು ಹಾಕಿ ಇಂಜಿನ್ ಸೀಳಿ ಬಂದನಂತೆ. ಅಷ್ಟೇ ಸಾಕು, ನಮ್ಮ ಸುತ್ತಲ ಐದು ತಾಲೂಕಿನ ಗ್ಯಾರೇಜುಗಳಿಗೆ ಒಂದು ವರ್ಷಕ್ಕೆ ಆಗುವಷ್ಟು ನಗು. "ನಾನು ಹೋಗುವುದಿಲ್ಲ," ಅಂದೆ. "ತಪ್ಪು ಮಾಡಿದ್ದು ನವೆಂಬರಿನಲ್ಲಿ. ಪೂರ್ತಿ ಚಳಿಗಾಲ ನೋಡಿ ಆಮೇಲೆ ಹೇಳಿ. ಆಗಲೂ ಬೇಡವಾದರೆ ನಾನೇ ಪೆಟ್ಟಿಗೆ ಕಟ್ಟುತ್ತೇನೆ." ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಅವರು, ಬೇರೆ ಮೆಕ್ಯಾನಿಕ್ ಫೆಬ್ರವರಿಗೆ ಬರುತ್ತಾನೆ, ಅಲ್ಲಿಯವರೆಗೆ ಇರು, ಆದರೆ ಇಂಜಿನ್ ಮುಟ್ಟಬೇಡ ಎಂದರು. ನನ್ನ ಪಾನಾ ಪೆಟ್ಟಿಗೆಯ ಕೀಲಿ ತೆಗೆದುಕೊಂಡರು.

ಆ ಭಾನುವಾರ ಉಸ್ತಾದರ ಫೋನು ಬಂತು. "ಗಾಡಿಗುಳಿಗೆ ನೀರು ನೋಡ್ತೀಯೇನ್ಲೇ?" "ಹೂನ್ರಿ ಉಸ್ತಾದ್, ನೋಡ್ತೀನಿ," ಅಂದೆ. ಜೀವನದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಫೋನಿಟ್ಟು ಗೋಡೆಗೆ ಮುಖ ಮಾಡಿ ಅತ್ತೆ.

ಮರುದಿನದಿಂದ ಟೈರು ಬಿಚ್ಚುವುದು, ಗ್ರೀಸು ಹೊಡೆಯುವುದು, ಗ್ಯಾರೇಜು ಗುಡಿಸುವುದು ನನ್ನ ಕೆಲಸ. ನಾಲ್ಕನೇ ದಿನ ಬಾಯರಣ್ಣ ಚಹಾದ ಬಟ್ಟಲು ಕೈಗೆ ಕೊಟ್ಟು, "ನಮ್ಮಪ್ಪನೂ ಒಂದು ಇಂಜಿನ್ ಒಡದಾನ," ಅಂದ. ಅವನ ಅಪ್ಪ ರಷ್ಯಾದ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಕೂಲೆಂಟ್ ಎಂಬುದೇ ಇರಲಿಲ್ಲವಂತೆ. ಬರೀ ನೀರು! ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಕೆಳಗಿನ ನಲ್ಲಿ ತಿರುಗಿಸಿ ಪೂರ್ತಿ ನೀರು ಇಳಿಸುವುದು. ಬೆಳಿಗ್ಗೆ ಒಲೆಯ ಮೇಲೆ ನೀರು ಕಾಸಿ ತುಂಬಿ, ಗಾಡಿಯ ಮೂತಿಗೆ, ರೇಡಿಯೇಟರಿನ ಮುಂದೆ, ಉಣ್ಣೆಯ ಹೊದಿಕೆ ಕಟ್ಟಿ ಹೊರಡುವುದು. "ನೀರು ಹಾಕಿದ್ದು ತಪ್ಪಲ್ಲ ತಮ್ಮ. ಇಳಸದ ಮಲಗಿದಿ ನೋಡು, ಅದು ತಪ್ಪು." ಅಂದಿನಿಂದ ದಿನಾ ಕೆಲಸ ಮುಗಿದ ಮೇಲೆ ಅವನ ಹಿಂದೆ ಬಿದ್ದೆ. ಮೂತಿಗೆ ಎಷ್ಟು ಮುಚ್ಚಬೇಕು, ಎಲ್ಲಿ ಬೆರಳಗಲ ಸಂದು ಬಿಡಬೇಕು, ರೇಡಿಯೇಟರಿನ ಕೆಳಭಾಗ ಕೈಗೆ ಎಷ್ಟು ಬೆಚ್ಚಗಿರಬೇಕು, ಎಲ್ಲ ಕೇಳಿ ಕಲಿತೆ. ಇಂಜಿನ್ ಮುಟ್ಟಬೇಡ ಎಂದಿದ್ದರೇ ಹೊರತು ನೋಡಬೇಡ ಎಂದಿರಲಿಲ್ಲ.

ಆ ದಿನಗಳಲ್ಲೇ ಹಗರಿಬೊಮ್ಮನಹಳ್ಳಿಯ ನನ್ನ ಭಾವ ಫೋನಿಗೆ ಒಂದು ವಿಡಿಯೊ ಕಳಿಸಿದ. ಜಗತ್ತಿನಲ್ಲಿ ಅತಿ ಕೆಟ್ಟ ಹವೆಯಿರುವ ದೇಶಗಳ ಪಟ್ಟಿ. ಸುಡುವ ಕುವೈತ್, ಮಳೆ ಬಿಡದ ಯಾವುದೋ ದ್ವೀಪ, ಗಾಳಿಗೆ ಮನೆ ಹಾರುವ ಇನ್ನೊಂದು, ಕೊನೆಗೆ ಮಂಗೋಲಿಯಾ. ಜೊತೆಗೆ ಭಾವನ ದನಿ: "ಭಾವಾರ, ನೀವಿರೋ ದೇಶ ಪಟ್ಟಿಯೊಳಗ ಐತಿ ನೋಡ್ರಿ. ಮನಷ್ಯಾರು ಇರೋ ಜಾಗಲ್ಲಂತ ಅದು. ಬಂದುಬಿಡ್ರಿ ಸುಮ್ನ." ವಿಡಿಯೊವನ್ನು ಬಾಯರಣ್ಣನಿಗೆ ತೋರಿಸಿದೆ. ಅವನಿಗೆ ತನ್ನ ದೇಶ ಪಟ್ಟಿಯಲ್ಲಿರುವುದು ಹೆಮ್ಮೆಯಾಗಿಯೇ ಕಂಡಿತು. ಪಟ್ಟಿಯಾಗ ನಿನ್ನೂರು ಎಲ್ಲೈತಿ ಎಂದ. ನಮ್ಮೂರು ಪಟ್ಟಿಯಲ್ಲಿಲ್ಲ, ಆದರೆ ಏಪ್ರಿಲ್‌ನಲ್ಲಿ ನಲವತ್ತೆರಡು ಡಿಗ್ರಿ ಇರುತ್ತದೆ ಎಂದು ಬರೆದು ತೋರಿಸಿದೆ. ಅವನು ಬಟ್ಟಲು ಕೆಳಗಿಟ್ಟ.

"ಅಷ್ಟು ಕಾವಿನಾಗ ಮನಷ್ಯಾರು ಹೆಂಗದಾರ?"

"ಅದಾರ. ಉಚ್ಚಂಗಿದುರ್ಗದ ಗುಡ್ಡದ ಕಾದ ಬಂಡೆ ಮ್ಯಾಲೆ ಬರಿಗಾಲಾಗ ಹತ್ತತಾರ."

"ಚಳಿಗಾದ್ರ ಒಂದರ ಮ್ಯಾಲೊಂದು ಹಾಕ್ಕೋತ ಹೋಗಬಹುದು. ಕಾವಿಗೆ ಬಿಚ್ಚಿ ಬಿಚ್ಚಿ ಎಲ್ಲಿತನಕ ಬಿಚ್ತೀರಿ? ಚರ್ಮ ಆದ ಮ್ಯಾಲೆ ಏನ್ ಬಿಚ್ತೀರಿ?"

ಅವನು ಗಂಭೀರವಾಗಿ ತಲೆಯಾಡಿಸಿ, ಪಾಪ, ಆ ಊರು ಬಿಟ್ಟು ಬಂದು ಒಳ್ಳೇದು ಮಾಡಿದೆ ಎಂಬಂತೆ ನನ್ನ ಬೆನ್ನು ತಟ್ಟಿದ. ಆಗ ಬಂತು ನೋಡಿ ನನಗೆ ಸಿಟ್ಟು, ಎರಡೂ ಕಡೆಯವರ ಮೇಲೆ! ಎಸಿ ಕೋಣೆಯಲ್ಲಿ ಕೂತು ಯಾರದೋ ಊರನ್ನು ಮನುಷ್ಯರು ಇರದ ಜಾಗ ಎಂದು ಪಟ್ಟಿ ಮಾಡುವವರು, ಅಲ್ಲಿ ಅಡುಗೆ ಮಾಡಿ ಮಕ್ಕಳು ಹೆತ್ತು ಲಾರಿ ಓಡಿಸುತ್ತಿರುವವರನ್ನು ಏನೆಂದುಕೊಂಡಿದ್ದಾರೆ? ಭಾವನಿಗೆ ಬರೆದೆ: "ಪಟ್ಟಿ ಮಾಡೋರಿಗೆ ಹೇಳು, ಇಲ್ಲಿ ಮನಷ್ಯಾರು ಅದಾರ. ಅವ್ರೊಳಗ ನಾನೂ ಒಬ್ಬಾಂವ ಅದೀನಿ."

ಬರೆಯುವುದೇನೋ ಬರೆದೆ. ಫೆಬ್ರವರಿ ಹತ್ತಿರ ಬರುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಎದ್ದಾಗ ಕಂಟೇನರಿನ ಪೈಪು ತಣ್ಣಗಿತ್ತು. ಇಡೀ ಕ್ಯಾಂಪಿಗೆ ಬಿಸಿನೀರು ತಳ್ಳುವ ಪಂಪು ಕೆಟ್ಟಿತ್ತು. ಐವತ್ತು ಜನ ಕೋಟು ಹಾಕಿಕೊಂಡೇ ಊಟದ ಕೋಣೆಯ ಒಲೆಗಳ ಸುತ್ತ ಕೂತಿದ್ದರು. ಹೊರಗೆ ಮೈನಸ್ ಮೂವತ್ತಮೂರು. ರಾತ್ರಿಯೊಳಗೆ ಬೇರೆ ಪಂಪು ಕೂಡಿಸದಿದ್ದರೆ ಪೈಪುಗಳೆಲ್ಲ ಸೀಳಿ ಕ್ಯಾಂಪು ಬಿಟ್ಟು ಓಡಬೇಕು. ತೊಂಬತ್ತು ಕಿಲೋಮೀಟರು ದೂರದ ಪೇಟೆಯಲ್ಲಿ ಪಂಪು ಇದೆ ಎಂದು ಗೊತ್ತಾಯಿತು. ಬಾಯರಣ್ಣ ತನ್ನ ಹಳೇ ರಷ್ಯಾ ವ್ಯಾನು ತೆಗೆದ, ಭಾರ ಎತ್ತಲು ಒಬ್ಬ ಬೇಕೆಂದು ನನ್ನನ್ನು ಕೂರಿಸಿಕೊಂಡ. ಯಾಕೋ ಉಸ್ತಾದರ ಕಂಬಳಿಯನ್ನೂ ಕಾಲ ಮೇಲೆ ಹಾಕಿಕೊಂಡೆ.

ಪಂಪು ಸಿಕ್ಕಿತು. ಬರುವ ದಾರಿಯಲ್ಲಿ, ಇನ್ನೂ ಅರ್ಧ ದೂರ ಇರುವಾಗ, ಮೂತಿಯಿಂದ ಭಗ್ ಎಂದು ಹಬೆ ಎದ್ದಿತು. ಚಳಿಗೆ ಸೆಟೆದಿದ್ದ ರೇಡಿಯೇಟರ್ ಪೈಪು ಬಾಯಿ ಬಿಟ್ಟಿತ್ತು. ಕೂಲೆಂಟೆಲ್ಲ ಹಿಮದ ಮೇಲೆ ಹಸಿರಾಗಿ ಹರಿದು ಹೋಯಿತು. ಡಬ್ಬಿಯಲ್ಲಿ ಉಳಿದದ್ದು ಒಂದು ಲೀಟರು. ಫೋನಿಗೆ ಸಿಗ್ನಲ್ ಇಲ್ಲ. ದೂರದಲ್ಲಿ ಒಂದೇ ಒಂದು ಗೆರ್‌ನಿಂದ ಹೊಗೆ ಏಳುತ್ತಿತ್ತು. ಗೆರ್ ಎಂದರೆ ಕುರಿಗಾಹಿಗಳ ದುಂಡನೆಯ ಗುಡಾರ, ದಪ್ಪ ಉಣ್ಣೆಯ ಗೋಡೆಯದು.

ಪೈಪು ನನಗೆ ಬಿಟ್ಟ ಕೆಲಸ. ಟೈರಿನ ಒಳ ಟ್ಯೂಬಿನ ಒಂದು ಪಟ್ಟಿ ಕೊಯ್ದು, ಮೆತ್ತಗಾಗಲೆಂದು ಕಂಕುಳಲ್ಲಿ ಇಟ್ಟುಕೊಂಡು, ಸೀಳಿದಲ್ಲಿ ಎಳೆದು ಎಳೆದು ಸುತ್ತಿ ತಂತಿ ಬಿಗಿದೆ. ಕೊಟ್ಟೂರಿನಲ್ಲಿ ಇದನ್ನು ಕಣ್ಣು ಮುಚ್ಚಿ ಮಾಡುತ್ತೇನೆ. ಮುಗಿಸಿ ನಿಂತು, "ಆ ಮನೀಗೆ ಹೋಗಿ ನೀರು ಕಾಸೋಣಣ್ಣ," ಅಂದೆ.

"ನೀರಾ? ಮತ್ತ ನೀರಾ?" ಬಾಯರಣ್ಣನ ಮುಖ ಗಟ್ಟಿಯಾಯಿತು. "ಒಂದು ಇಂಜಿನ್ ಸಾಲಲಿಲ್ಲೇನು ನಿನಗ? ನಡುದಾರ್ಯಾಗ ಹೆಪ್ಪುಗಟ್ಟಿತಂದ್ರ ಇಬ್ರೂ ಅಲ್ಲೇ. ಗೆರ್‌ನಾಗ ಕುಂದ್ರೋಣ, ನಾಳೆ ಹುಡಿಕ್ಕೊಂಡು ಬರ್ತಾರ."

"ನಾಳಿಗೆ ಕ್ಯಾಂಪು ಇರಾದಿಲ್ಲ. ನಿಮ್ಮಪ್ಪ ಮಾಡ್ತಿದ್ದಿಲ್ಲೇನು?"

"ಅದು ನಮ್ಮಪ್ಪನ ಕೈ."

"ಇದು ನಮ್ಮ ಉಸ್ತಾದರ ಕೈ," ಅಂದೆ. ಅವನು ನನ್ನನ್ನು ನೋಡಿದ, ಹೊಗೆಯತ್ತ ನೋಡಿದ, "ಜಾ," ಅಂದ.

ಗೆರ್‌ನಲ್ಲಿ ಒಬ್ಬ ಅಜ್ಜಿ ಇದ್ದಳು. ಹೊಸಿಲು ತುಳಿಯಬಾರದೆಂದು ಬಾಯರಣ್ಣ ಎಚ್ಚರಿಸಿದ. ನಗು ಬಂತು, ನನಗೆ ಹೇಳಬೇಕೇ ಅದನ್ನು? ದಾಟಿ ಒಳಗೆ ಹೋಗಿ ಒಲೆಗೆ ಅಂಗೈ ಹಿಡಿದೆ. ಒಲೆಯಲ್ಲಿ ಉರಿಯುತ್ತಿದ್ದದ್ದು ಒಣಗಿದ ಸಗಣಿ. ಆ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ನಮ್ಮವ್ವ ಹಿತ್ತಲಲ್ಲಿ ಕುಳ್ಳು ಹಚ್ಚಿ ನೀರು ಕಾಸುತ್ತಿದ್ದ ಬೆಳಗು ನೆನಪಾಗಿ ಕಣ್ಣು ತುಂಬಿತು. ಅಜ್ಜಿ ನನ್ನ ಕಾಲು ನೋಡಿ ಕಿರುಚಿದಳು. ನಾನು ಬರೀ ಕಾಲುಚೀಲದಲ್ಲಿದ್ದೆ. ಮನೆಯೊಳಗೆ ಹೋಗುವ ಮುಂಚೆ ಬೂಟು ಹೊರಗೆ ಬಿಚ್ಚಿಟ್ಟು ಬಂದಿದ್ದೆ! ಅಲ್ಲಿ ಯಾರೂ ಹಾಗೆ ಬಿಚ್ಚುವುದಿಲ್ಲ. ಅವಳು ಹೊರಗೆ ಓಡಿ ಎರಡನ್ನೂ ತಂದು ಒಲೆಯ ಪಕ್ಕ ಕುಕ್ಕಿ, ನನ್ನನ್ನು ಬೈದ ಧಾಟಿಗೆ ಅನುವಾದ ಬೇಕಿರಲಿಲ್ಲ.

ಅಲ್ಲಿ ನೀರು ಎಂದರೆ ದೂರದಿಂದ ಕಡಿದು ತಂದು ಬಾಗಿಲ ಬಳಿ ಪೇರಿಸಿದ ಮಂಜುಗಡ್ಡೆ. ಎರಡು ದಿನಕ್ಕೆ ಆಗುವಷ್ಟನ್ನು ಅಜ್ಜಿ ದೊಡ್ಡ ಬಾಣಲೆಗೆ ಹಾಕಿದಳು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರಿನವನಿಗೆ ಅದರ ಬೆಲೆ ಗೊತ್ತು. ಕುದಿದ ನೀರನ್ನು ಎರಡು ಹಾಲಿನ ಕ್ಯಾನಿಗೆ ತುಂಬಿ, ಕುರಿತುಪ್ಪಟ ಸುತ್ತಿ, ಅವಳ ಒಂಟೆಯ ಎರಡೂ ಬದಿಗೆ ಕಟ್ಟಿ ವ್ಯಾನಿನ ಹತ್ತಿರ ತಂದೆವು.

ಮೂತಿಗೆ ಉಸ್ತಾದರ ಕಂಬಳಿಯನ್ನು ಎರಡು 	ಮಡಿಕೆ ಮಾಡಿ ಹಗ್ಗ ಬಿಗಿದೆ, ಬೆರಳಗಲ ಸಂದು ಬಿಟ್ಟೆ. ಬಿಸಿನೀರು ಸುರಿದೆ. ಮೊದಲ ಕ್ಯಾನು ಹೋದಾಗ ಇಂಜಿನ್ ತಣ್ಣಗೇ ಇತ್ತು. ಎರಡನೆಯದಕ್ಕೆ ಕಬ್ಬಿಣ ಬೆಚ್ಚಗಾಯಿತು. ಬಾಯರಣ್ಣ ಕೀಲಿ ತಿರುಗಿಸಿದ. ಮೂರನೇ ಸಲಕ್ಕೆ ಹತ್ತಿಕೊಂಡಿತು. ಆಮೇಲೆ ನಲವತ್ತೈದು ಕಿಲೋಮೀಟರು ಒಂದೇ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಇಂಜಿನ್ ಬಂದ್ ಮಾಡದೆ ನಿಲ್ಲಿಸುವುದು, ನಾನು ಇಳಿದು ಕಂಬಳಿಯೊಳಗೆ ಕೈ ತೂರಿಸಿ ರೇಡಿಯೇಟರಿನ ಕೆಳಭಾಗ ಮುಟ್ಟುವುದು, "ಬೆಚ್ಚಗೈತಿ" ಎನ್ನುವುದು. ನಮ್ಮೂರಲ್ಲಿ ಇದೇ ಕೈಯಿಂದ ಕಾದಿದೆಯೇ ಎಂದು ಹೆದರಿ ಮುಟ್ಟುತ್ತೇನೆ. ಇಲ್ಲಿ ಕಾದಿರಲಿ ಎಂದು ಬೇಡಿಕೊಂಡು ಮುಟ್ಟಿದೆ. ಒಂದು ಸಲ ಕೆಳಮೂಲೆ ತಣ್ಣಗೆ ಸಿಕ್ಕಿತು. ಕಂಬಳಿಯ ಸಂದು ಪೂರ್ತಿ ಮುಚ್ಚಿ, ಇಂಜಿನ್ ಜೋರು ಮಾಡಿಸಿ, ಕೈಯನ್ನು ಅಲ್ಲೇ ಇಟ್ಟು ನಿಂತೆ. ಮೆಲ್ಲಗೆ ಕಾವು ಬಂತು.

ಹೊತ್ತು ಮುಳುಗುವಾಗ ಕ್ಯಾಂಪಿನ ಗೇಟು ದಾಟಿದೆವು. ಜನ ಓಡಿ ಬಂದು ಪಂಪು ಇಳಿಸಿಕೊಂಡರು. ಮ್ಯಾನೇಜರೂ ಬಂದರು, ಏನೋ ಕೇಳಿದರು. ನಾನು ಮೊದಲು ವ್ಯಾನಿನ ಕೆಳಗೆ ನುಗ್ಗಿ ನಲ್ಲಿ ತಿರುಗಿಸಿದೆ. ಅಜ್ಜಿಯ ನೀರು ಹಬೆಯಾಡುತ್ತ ನೆಲಕ್ಕೆ ಹರಿದು, ನೋಡುತ್ತಿದ್ದಂತೆಯೇ ಗಾಜಾಯಿತು. ಕೊನೆಯ ಹನಿ ಬೀಳುವವರೆಗೆ ಹೊಟ್ಟೆಯ ಮೇಲೆ ಮಲಗಿಯೇ ಇದ್ದೆ. ಆ ಗಾಜಿನ ತುಂಡು ಮಾರ್ಚ್‌ವರೆಗೂ ಅಂಗಳದಲ್ಲಿತ್ತು, ಜನ ಸುತ್ತು ಹಾಕಿ ನಡೆಯುತ್ತಿದ್ದರು.

ಮ್ಯಾನೇಜರು ಹೊಗಳುವ ಪೈಕಿಯಲ್ಲ. ಮರುದಿನ ಬೆಳಿಗ್ಗೆ ನನ್ನ ಪಾನಾ ಪೆಟ್ಟಿಗೆಯ ಕೀಲಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಫೆಬ್ರವರಿಗೆ ಬರಬೇಕಿದ್ದವನು ಬರಲಿಲ್ಲ.

ಮೇ ತಿಂಗಳು ರಜೆಗೆ ಊರಿಗೆ ಬಂದೆ. ಬಸ್ಸಿಳಿದ ಕೂಡಲೇ ಬಿಸಿಲು ಕಪಾಳಕ್ಕೆ ಹೊಡೆಯಿತು. ನನ್ನೂರಿನ ಬಿಸಿಲಿಗೆ ನಾನು ತತ್ತರಿಸಿದ್ದು ನೋಡಿ ನನಗೇ ಅವಮಾನವಾಯಿತು. ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ತಿಂದೆ, ತಿನ್ನುವಾಗ ಉಪ್ಪಿನ ಚಹಾ ನೆನಪಾಯಿತು. ಅಲ್ಲಿ ಇದಕ್ಕೆ ಹಂಬಲಿಸಿದ್ದೆ, ಇಲ್ಲಿ ಅದಕ್ಕೆ. ಸಂಜೆ ಷೆಡ್ಡಿಗೆ ಹೋಗಿ ಉಸ್ತಾದರ ಮುಂದೆ ಕೂತು ನವೆಂಬರಿನಿಂದ ಜನವರಿಯವರೆಗೆ ಎಲ್ಲ ಹೇಳಿದೆ, ಫೋನಿನ ಸುಳ್ಳನ್ನೂ ಸೇರಿಸಿ. ಅವರು ಬಹಳ ಹೊತ್ತು ಬೇವಿನ ಕಡ್ಡಿಯಿಂದ ಮಣ್ಣು ಗೀರಿದರು.

"ಅಂದ್ರ ನಾ ಕಲಿಸಿದ್ದು ತಪ್ಪಾತು."

"ಇಲ್ರಿ ಉಸ್ತಾದ್. ಕುಡಿಸಾದು ನೀವು ಕಲಿಸಿದ್ರಿ, ಇಳಸಾದು ಅವರು ಕಲಿಸಿದ್ರು. ಎರಡೂ ಕೂಡಿದ್ದಕ್ಕ ಜೀವ ಉಳೀತು."

"ನನ್ನ ಕಂಬಳಿ?"

"ಅಲ್ಲೇ ಐತ್ರಿ. ಬಾಯರಣ್ಣ ಕೊಡಾದಿಲ್ಲ ಅಂದಾನ. ವ್ಯಾನಿಗೆ ಬೇಕಂತ."

ಉಸ್ತಾದರು ಆಗ ನಕ್ಕರು. ಅವರ ಹೆಸರು ಕೆಟ್ಟಿಲ್ಲವೆಂದು ಆ ನಗುವಿನಿಂದ ತಿಳಿದುಕೊಂಡೆ.

ರಜೆಯಲ್ಲಿ ಸುಮ್ಮನೆ ಕೂರಲಾಗದೆ ಷೆಡ್ಡಿನಲ್ಲೇ ಇದ್ದೆ. ಒಂದು ಸಂಜೆ ಹಡಗಲಿ ಕಡೆಯ ರೈತರೊಬ್ಬರ ಟ್ರ್ಯಾಕ್ಟರಿನ ಕೆಲಸ ಮುಗಿಯಿತು, ಬೆಳಿಗ್ಗೆ ಒಯ್ಯುತ್ತೇನೆಂದು ಹೇಳಿ ಹೋದರು. ಷೆಡ್ಡು ಮುಚ್ಚುವ ಹೊತ್ತು. ಗಾಳಿಯೂ ಬಿಸಿ, ನೆಲವೂ ಬಿಸಿ. ನಾನು ಟ್ರ್ಯಾಕ್ಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಏನು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ, ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿಬಿಟ್ಟೆ. ನೀರು ಹರಿಯಿತು, ಕೊಟ್ಟೂರಿನ ಧೂಳು ಅದನ್ನು ಕುಡಿಯಿತು. ಬೆಳಿಗ್ಗೆ ಯಾರೂ ನೋಡದೆ ಚಾಲೂ ಮಾಡಿದ್ದರೆ ಇನ್ನೊಂದು ಇಂಜಿನ್ ನನ್ನ ಕೈಯಿಂದ ಹೋಗುತ್ತಿತ್ತು, ಈ ಸಲ ಕಾವಿಗೆ.

ಬೀಗ ಹಿಡಿದು ನಿಂತಿದ್ದ ಉಸ್ತಾದರು ನೋಡಿದರು. ಬೈಯಲಿಲ್ಲ.

"ಲೇ ಕೊಟ್ರ್ಯಾ, ಯಾವ ಊರಾಗ ಅದೀಲೇ ನೀ?"

ಸುಳ್ಳು ಒಂದು ಸಲ ಹೇಳಿ ಸಾಕಾಗಿತ್ತು. "ಎರಡೂ ಊರಾಗ ಅದೀನ್ರಿ ಉಸ್ತಾದ್," ಅಂದೆ, ತಲೆ ತಗ್ಗಿಸದೆ.

ಅವರು ನೀರಿನ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. "ಇರು. ಆದ್ರ ಈ ಊರಿನ ಗಾಡಿಗೆ ಮೊದ್ಲು ನೀರು ಹಾಕು."